ಮರದ ಸ್ಟಿಕ್ಕೋ, ಕಾಂಪೋಸಿಟ್ಟೋ? ಮಲೆನಾಡಿನ ಮೈದಾನದಲ್ಲಿ ನಿಂತು ಒಂದು ಹೋಲಿಕೆ

ಹಾಕಿ ಸ್ಟಿಕ್ ಕೊಳ್ಳಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಆಡುವುದು ಎಂಥ ನೆಲದ ಮೇಲೆ? ಬ್ರ್ಯಾಂಡು, ಬಣ್ಣ, ಕಾರ್ಬನ್ ಎಷ್ಟು ಪರ್ಸೆಂಟ್ ಅನ್ನೋದೆಲ್ಲ ಆಮೇಲಿನ ಮಾತು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮಕ್ಕಳು ದಿನವೂ ಆಡುವ ಮೈದಾನಗಳು ಹೆಚ್ಚಾಗಿ ಮಣ್ಣಿನವು. ಕೆಂಪು ಮಣ್ಣು, ಅದರೊಳಗೆ ಗರಸು, ಮಳೆಗಾಲ ಮುಗಿದ ಮೇಲೆ ಅಲ್ಲಲ್ಲಿ ಹುಲ್ಲು. ಆದರೆ ಇವತ್ತು ಮೊಬೈಲಿನಲ್ಲಿ ಕಾಣುವ ಜಾಹೀರಾತಿನ ಸ್ಟಿಕ್ಕುಗಳೆಲ್ಲ ನೀರು ಹಾಯಿಸಿದ ನೀಲಿ ಟರ್ಫಿಗೆ, ಅಂದರೆ ಕೃತಕ ಹುಲ್ಲಿನ ನೆಲಕ್ಕೆ ಅಂತ ಮಾಡಿದವು. ತೊಂದರೆ ಶುರುವಾಗುವುದೇ ಅಲ್ಲಿಂದ.

ನಾನು ಮಕ್ಕಳಿಗೆ ಹಾಕಿ ಹೇಳಿಕೊಡುತ್ತೇನೆ. ಪ್ರತಿ ಶಾಲಾ ವರ್ಷದ ಶುರುವಿನಲ್ಲೂ ತಂದೆ ತಾಯಂದಿರು ಕೇಳುವುದು ಇದನ್ನೇ. “ಸರ್, ಮರದ ಸ್ಟಿಕ್ ಹಳೇ ಕಾಲದ್ದಲ್ವಾ? ಒಂದೇ ಸಲ ಒಳ್ಳೇ ಕಾರ್ಬನ್ನಿಂದು ಕೊಡಿಸಿಬಿಡ್ತೀವಿ.” ಮಗುವಿನ ಮೇಲಿನ ಪ್ರೀತಿಯಿಂದ ಬಂದ ಮಾತು ಅದು, ಹಾಗಾಗಿ ಉತ್ತರವನ್ನು ಸರಿಯಾಗಿ, ಬಿಡಿಸಿ ಹೇಳಬೇಕು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕಲಿಯುವ ಕೈಗೆ, ಮಣ್ಣಿನ ಮೈದಾನಕ್ಕೆ, ಹಾಲ್ ಒಳಗಿನ ಆಟಕ್ಕೆ ಮರವೇ ಒಳ್ಳೆಯದು. ವಾರಕ್ಕೆ ಹಲವು ದಿನ ಟರ್ಫ್ ಮೇಲೆ ಆಡುವವರಿಗೆ, ರಾಜ್ಯ ತಂಡದ ಆಯ್ಕೆಗೆ ಹೋಗುವವರಿಗೆ ಕಾಂಪೋಸಿಟ್, ಅಂದರೆ ಕಾರ್ಬನ್, ಫೈಬರ್‌ಗ್ಲಾಸ್ ನೂಲುಗಳಿಂದ ಮಾಡಿದ ಸ್ಟಿಕ್, ಬೇಕೇ ಬೇಕು. ಇವೆರಡರ ಮಧ್ಯೆ ಇರುವವರು ಮುಂದಿನದನ್ನು ಓದಿ ನಿರ್ಧಾರ ಮಾಡಿ.

ಮರ ಅಂದರೆ ಯಾವ ಮರ?

ಹಾಕಿ ಸ್ಟಿಕ್ಕಿನ ಮರ ಹಿಪ್ಪುನೇರಳೆ. ರೇಷ್ಮೆ ಹುಳು ತಿನ್ನುವ ಸೊಪ್ಪಿನ ಅದೇ ಹಿಪ್ಪುನೇರಳೆ. ಕೇಳಿದವರಿಗೆಲ್ಲ ಆಶ್ಚರ್ಯ ಆಗುತ್ತದೆ, ಯಾಕೆಂದರೆ ರಾಮನಗರ, ಕೋಲಾರದ ಹೊಲಗಳಲ್ಲಿ ನಾವು ನೋಡುವುದು ಸೊಂಟದೆತ್ತರದ ಗಿಡ. ಸೊಪ್ಪಿಗಾಗಿ ಅದನ್ನು ಮತ್ತೆ ಮತ್ತೆ ಸವರುತ್ತಾರೆ, ಹಾಗಾಗಿ ಅಲ್ಲಿ ಬೊಡ್ಡೆ ದಪ್ಪವಾಗಿ ಬೆಳೆಯುವುದೇ ಇಲ್ಲ. ಉತ್ತರ ಭಾರತದಲ್ಲಿ ಅದನ್ನು ಮರವಾಗಿಯೇ ಬೆಳೆಯಲು ಬಿಡುತ್ತಾರೆ. ಸ್ಟಿಕ್ ಮಾಡುವ ಕಸುಬು ನೆಲೆ ನಿಂತಿರುವುದೂ ಆ ಕಡೆಯೇ: ಪಂಜಾಬಿನ ಜಲಂಧರ್, ಉತ್ತರ ಪ್ರದೇಶದ ಮೀರತ್. 1947ರ ದೇಶ ವಿಭಜನೆಯ ಹೊತ್ತಿಗೆ ಸಿಯಾಲ್‌ಕೋಟ್‌ನಿಂದ ಬಂದ ಕಸುಬುದಾರರು ಜಲಂಧರಿನಲ್ಲಿ ಈ ಉದ್ಯಮ ಕಟ್ಟಿದರು. ಸಿಯಾಲ್‌ಕೋಟ್ ಇವತ್ತಿಗೂ ಗಡಿಯ ಆಚೆ ಅದೇ ಕೆಲಸ ಮಾಡುತ್ತಿದೆ.

ಹಿಪ್ಪುನೇರಳೆಯೇ ಯಾಕೆ? ಅದರ ನಾರು ಗಟ್ಟಿ, ಆದರೆ ಪೆಡಸಲ್ಲ. ಹಬೆಯಲ್ಲಿ ಬೇಯಿಸಿದರೆ ಸಣ್ಣ ಸುತ್ತಿಗೂ ಬಾಗುತ್ತದೆ, ಬಾಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಮೊದಲು ಇಂಗ್ಲೆಂಡಿನ ಸ್ಟಿಕ್ಕುಗಳನ್ನು ಆ್ಯಶ್ ಮರದಲ್ಲಿ ಮಾಡುತ್ತಿದ್ದರು. ಅದು ಅಷ್ಟು ಬಾಗದು, ಹಾಗಾಗಿ ತಲೆಯ, ಅಂದರೆ ಚೆಂಡು ಹೊಡೆಯುವ ಬಾಗಿದ ಕೆಳತುದಿಯ, ಮುಂಭಾಗ ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು. ನಮ್ಮ ಹಿಪ್ಪುನೇರಳೆಯಲ್ಲಿ ತಲೆಯನ್ನು ಗಿಡ್ಡ ಮಾಡಲು ಆಯಿತು. ತಲೆ ಗಿಡ್ಡವಾದರೆ ಚೆಂಡಿನ ಮೇಲೆ ಸ್ಟಿಕ್ಕನ್ನು ಬೇಗ ಬೇಗ ಹೊರಳಿಸಬಹುದು. ಚೆಂಡನ್ನು ಎಡಕ್ಕೂ ಬಲಕ್ಕೂ ಎಳೆದಾಡುತ್ತಾ ಎದುರಾಳಿಯನ್ನು ದಾಟುವ ಉಪಖಂಡದ ಆಟ ಇದೆಯಲ್ಲ, ಅದಕ್ಕೂ ಈ ಮರಕ್ಕೂ ನೇರ ಸಂಬಂಧವಿದೆ. ಇದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಹಿಡಿಕೆಯದ್ದು ಇನ್ನೊಂದು ಕಥೆ. ಒಳ್ಳೆಯ ಮರದ ಸ್ಟಿಕ್ಕಿನ ಹಿಡಿಕೆ ಬೆತ್ತದ್ದು. ಬೆತ್ತದ ಪಟ್ಟಿಗಳ ನಡುವೆ ರಬ್ಬರ್ ಇಟ್ಟು ಅಂಟಿಸಿ, ಅದನ್ನು ಕೆಳಗಿನ ಮರದೊಳಗೆ ಬೆಣೆಯ ಹಾಗೆ ಕೂರಿಸುತ್ತಾರೆ. ಚೆಂಡು ಬಡಿದ ಅದುರು ಕೈಗೆ ಬರುವ ಮೊದಲೇ ಬೆತ್ತ ಮತ್ತು ರಬ್ಬರ್ ಅರ್ಧ ನುಂಗಿಬಿಡುತ್ತವೆ.

ನಮ್ಮೂರಲ್ಲಿ ಇಷ್ಟೆಲ್ಲ ಮರ ಇದೆಯಲ್ಲ, ಸಾಗುವಾನಿಯಲ್ಲಿ ಮಾಡಬಾರದಾ ಅಂತ ಕೆಲವರು ಕೇಳುತ್ತಾರೆ. ಸಾಗುವಾನಿ ಬಾಗಿಲಿಗೆ, ತೊಲೆಗೆ ಎಷ್ಟು ಒಳ್ಳೆಯದೋ ಪೆಟ್ಟು ತಡೆಯುವುದರಲ್ಲಿ ಅಷ್ಟು ಒಳ್ಳೆಯದಲ್ಲ, ಸೀಳುತ್ತದೆ. ಬೀಟೆ ಭಾರ. ಕಾಡಿನಲ್ಲಿ ತಾನಾಗಿ ಬಾಗಿದ ಕೊಂಬೆ ಕಡಿದು ತಂದು ಆಡುವುದು ಚಿಕ್ಕ ಮಕ್ಕಳ ಆಟಕ್ಕೆ ಸಾಕು, ಗಟ್ಟಿ ಚೆಂಡು ಬಂದ ದಿನ ಅದು ಉಳಿಯುವುದಿಲ್ಲ.

ಇವತ್ತು ಅಂಗಡಿಯಲ್ಲಿ ಸಿಗುವ ಮರದ ಸ್ಟಿಕ್ ಬರೀ ಮರವಲ್ಲ ಅನ್ನೋದೂ ಗೊತ್ತಿರಲಿ. ಹೊರಮೈಗೆ ಫೈಬರ್‌ಗ್ಲಾಸಿನ ಪದರ, ಕೆಲವಕ್ಕೆ ಒಂದೆರಡು ಕಾರ್ಬನ್ ಪಟ್ಟಿ ಸುತ್ತಿರುತ್ತಾರೆ. ಒಳಗಿನ ಮೃದುತ್ವ ಮರದ್ದು, ಹೊರಗಿನ ಬಿಗಿ ಫೈಬರಿನದ್ದು. ನಾನು ಮರದ ಸ್ಟಿಕ್ ಅಂದಾಗಲೆಲ್ಲ ಹೇಳುತ್ತಿರುವುದು ಇದನ್ನೇ.

ಕಾಂಪೋಸಿಟ್ಟಿನ ಒಳಗೆ

ಕಾಂಪೋಸಿಟ್ ಸ್ಟಿಕ್ಕಿನ ಹೆಚ್ಚಿನ ಭಾಗ ಒಳಗೆ ಟೊಳ್ಳು. ಕಾರ್ಬನ್, ಫೈಬರ್‌ಗ್ಲಾಸ್, ಅರಾಮಿಡ್ ಎಂಬ ನೂಲುಗಳನ್ನು ರೆಸಿನ್ ಎಂಬ ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿಟ್ಟು ಬಿಸಿ ಮಾಡಿ ಗಟ್ಟಿಗೊಳಿಸುತ್ತಾರೆ. ಕಾರ್ಬನ್ ಬಿಗಿ ಕೊಡುತ್ತದೆ. ಅರಾಮಿಡ್ ಅದುರು ತಡೆಯುತ್ತದೆ. ಫೈಬರ್‌ಗ್ಲಾಸ್ ಬಾಳಿಕೆ ಕೊಟ್ಟು ಬೆಲೆ ಇಳಿಸುತ್ತದೆ. ಸ್ಟಿಕ್ ಮೇಲೆ ಬರೆದಿರುವ 30, 50, 90 ಪರ್ಸೆಂಟ್ ಅನ್ನುವುದು ಕಾರ್ಬನ್ನಿನ ಪಾಲು. ಅದು ಗುಣಮಟ್ಟದ ಅಂಕಪಟ್ಟಿ ಅಲ್ಲ, ಸ್ಟಿಕ್ ಎಷ್ಟು ಬಿಗಿ ಅನ್ನುವುದರ ಅಂದಾಜು. 90ರ ಸ್ಟಿಕ್ 30ರದ್ದಕ್ಕಿಂತ ಮೂರು ಪಟ್ಟು ಒಳ್ಳೆಯದು ಅಂತ ಅಂದುಕೊಂಡೇ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ಅಚ್ಚಿನಿಂದ ಬಂದದ್ದರಿಂದ ಒಂದು ದೊಡ್ಡ ಅನುಕೂಲ ಇದೆ. ಒಂದೇ ಮಾದರಿಯ ಎರಡು ಸ್ಟಿಕ್ ತೆಗೆದುಕೊಂಡರೆ ಎರಡೂ ಒಂದೇ ಥರ ಇರುತ್ತವೆ. ಮರದಲ್ಲಿ ಅದು ಸಾಧ್ಯವಿಲ್ಲ.

ಚೆಂಡು ತಾಗುವ ಕ್ಷಣ

ಮರವನ್ನು ಇನ್ನೂ ಜನ ಬಿಡದಿರುವ ಕಾರಣ ಇಲ್ಲಿದೆ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು. ಅದು ವೇಗವಾಗಿ ಬಂದು ಬಿಗಿಯಾದ ಕಾರ್ಬನ್ನಿಗೆ ಬಡಿದರೆ ಪುಟಿದು ಹೋಗುತ್ತದೆ. ಮರಕ್ಕೆ ಬಡಿದಾಗ ಮರ ಒಂಚೂರು ಒಳಗೆ ಹೋಗಿ, ಚೆಂಡಿನ ಓಟವನ್ನು ತಾನು ಕುಡಿದು, ಚೆಂಡನ್ನು ಅಲ್ಲೇ ನಿಲ್ಲಿಸುತ್ತದೆ. ಆಟಗಾರರು ಇದನ್ನೇ ಫೀಲ್ ಅನ್ನುತ್ತಾರೆ. ಚೆಂಡು ಸ್ಟಿಕ್ಕಿನ ಯಾವ ಜಾಗಕ್ಕೆ ತಾಗಿತು ಅನ್ನುವುದು ನೋಡದೆಯೇ ಕೈಗೆ ಗೊತ್ತಾಗುತ್ತದೆ.

ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ಮೊದಲ ವರ್ಷ ಮಗು ಮಾಡುವ ಕೆಲಸದಲ್ಲಿ ಹೆಚ್ಚಿನದು ಚೆಂಡು ನಿಲ್ಲಿಸುವುದು. ಹತ್ತು ಚೆಂಡಲ್ಲಿ ಏಳು ನಿಂತರೆ ಅದಕ್ಕೆ ಆಟದ ಮೇಲೆ ಆಸೆ ಹುಟ್ಟುತ್ತದೆ. ಹತ್ತರಲ್ಲಿ ಮೂರು ಮಾತ್ರ ನಿಂತರೆ ತನಗೆ ಹಾಕಿ ಬರಲ್ಲ ಅಂತ ತೀರ್ಮಾನ ಮಾಡಿ ಕ್ರಿಕೆಟ್ಟಿಗೆ ಹೋಗುತ್ತದೆ. 90 ಪರ್ಸೆಂಟ್ ಕಾರ್ಬನ್ ಸ್ಟಿಕ್ ಹಿಡಿದು ಬಂದ ಹನ್ನೊಂದು, ಹನ್ನೆರಡರ ಮಕ್ಕಳಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಸ್ಟಿಕ್ ಅವರ ಕೈಗೆ ಎದುರಾಡುತ್ತದೆ. ಅದೇ ಮಗುವಿನ ಕೈಗೆ ಮರದ ಸ್ಟಿಕ್ ಕೊಟ್ಟರೆ ಭುಜ ಸಡಿಲವಾಗುತ್ತದೆ, ಮುಖವೂ ಸಡಿಲವಾಗುತ್ತದೆ.

ಇನ್ನೊಂದು ವಿಷಯ ಇದೆ. ಬಿಗಿಯಾದ ಸ್ಟಿಕ್ಕಿನಲ್ಲಿ ಹೇಗೆ ಬೀಸಿದರೂ ಚೆಂಡು ಒಂದಿಷ್ಟು ದೂರ ಹೋಗುತ್ತದೆ. ಮರದಲ್ಲಿ ಹಾಗಲ್ಲ. ಮಂಡಿ ಬಾಗಬೇಕು, ಭುಜ ತಿರುಗಬೇಕು, ಚೆಂಡು ಸರಿಯಾದ ಜಾಗದಲ್ಲಿರಬೇಕು. ಆಗ ಮಾತ್ರ ಹಿಟ್ ಹೋಗುತ್ತದೆ. ತಪ್ಪು ಮಾಡಿದರೆ ಸ್ಟಿಕ್ ಅದನ್ನು ಮುಚ್ಚಿಡುವುದಿಲ್ಲ. ಮರದಲ್ಲಿ ಹಿಟ್ ಕಲಿತವರು ಮುಂದೆ ಕಾಂಪೋಸಿಟ್ ಹಿಡಿದಾಗ ಅವರ ಹೊಡೆತ ಬೇರೆಯೇ ಆಗಿರುತ್ತದೆ.

ಬೆಳಗಿನ ಚಳಿಯಲ್ಲಿ ಕೈ ಜುಂ ಅನ್ನುವುದು ಕಾಂಪೋಸಿಟ್ಟಿನಲ್ಲಿ ಜಾಸ್ತಿ. ಬೆಲೆಬಾಳುವ ಸ್ಟಿಕ್ಕುಗಳಲ್ಲಿ ಹಿಡಿಕೆಯೊಳಗೆ ಫೋಮ್ ತುಂಬಿ ಇದನ್ನು ಕಡಿಮೆ ಮಾಡುತ್ತಾರೆ. ಅಗ್ಗದ ಕಾಂಪೋಸಿಟ್ಟಿನಲ್ಲಿ ಆ ಸೌಕರ್ಯ ಇರುವುದಿಲ್ಲ.

ಹೊಡೆತದ ಬಲ

ಇಲ್ಲಿ ಕಾಂಪೋಸಿಟ್ ಗೆಲ್ಲುತ್ತದೆ, ಅನುಮಾನವೇ ಬೇಡ. ಬಿಗಿ ಇರುವುದರಿಂದ ಕೈಯ ಬಲ ಚೆಂಡಿಗೆ ಹೆಚ್ಚು ದಾಟುತ್ತದೆ. ಹಗುರ ಇರುವುದರಿಂದ ಬೀಸು ವೇಗವಾಗುತ್ತದೆ. ಆದರೂ ಇದಕ್ಕೊಂದು ಮಿತಿಯನ್ನು ನಿಯಮವೇ ಹಾಕಿದೆ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಪ್ರಕಾರ, ಪರೀಕ್ಷೆಯಲ್ಲಿ ಚೆಂಡಿನ ವೇಗ ಸ್ಟಿಕ್ ತಲೆಯ ವೇಗದ 98 ಪರ್ಸೆಂಟ್ ಮೀರಬಾರದು. ಜೊತೆಗೆ ಸ್ಟಿಕ್ 737 ಗ್ರಾಂಗಿಂತ ಭಾರ ಇರಬಾರದು, 105 ಸೆಂಟಿಮೀಟರಿಗಿಂತ ಉದ್ದ ಇರಬಾರದು, 51 ಮಿಲಿಮೀಟರ್ ಬಳೆಯೊಳಗೆ ತೂರಬೇಕು. ಲೋಹ ಬಿಟ್ಟು ಬೇರೆ ಯಾವುದರಿಂದ ಮಾಡಿದರೂ ಸರಿ. ಅಂದರೆ ಮರದ ಸ್ಟಿಕ್ ಹಿಡಿದು ಯಾವ ಮಟ್ಟದ ಪಂದ್ಯಕ್ಕೂ ಇಳಿಯಬಹುದು, ನಿಯಮದ ಅಡ್ಡಿ ಇಲ್ಲ.

ಕಾಂಪೋಸಿಟ್ಟಿನ ನಿಜವಾದ ಗೆಲುವು ಡ್ರ್ಯಾಗ್ ಫ್ಲಿಕ್‌ನಲ್ಲಿ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಎಸೆಯುವುದರಲ್ಲಿ. ಸ್ಟಿಕ್ಕನ್ನು ಅಡ್ಡ ಹಿಡಿದು ನೋಡಿದರೆ ಬಿಲ್ಲಿನ ಹಾಗೆ ಬಾಗಿರುತ್ತದೆ. ಆ ಬಾಗು 25 ಮಿಲಿಮೀಟರಿನವರೆಗೆ ಇರಬಹುದು, ತಲೆಯ ಬುಡದಿಂದ 200 ಮಿಲಿಮೀಟರಿಗಿಂತ ಕೆಳಗೆ ಅದರ ಗರಿಷ್ಠ ಜಾಗ ಬರಬಾರದು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಎಳೆದು ಎಸೆಯುವವರಿಗೆ ಬಾಗು ಆದಷ್ಟು ಹೆಚ್ಚು, ಆದಷ್ಟು ಕೆಳಗೆ ಬೇಕು. ಚೆಂಡು ಆ ಬಾಗಿನಲ್ಲಿ ಕೂತು ಕವಣೆಯಿಂದ ಹೊರಟ ಕಲ್ಲಿನಂತೆ ಹಾರುತ್ತದೆ. ಮರದ ಸ್ಟಿಕ್ಕುಗಳಲ್ಲಿ ಬಾಗು ಸಾಮಾನ್ಯವಾಗಿ ಕಡಿಮೆ, ಜಾಗವೂ ಮೇಲೆ. ಕೊಡಗಿನ ವಿ.ಆರ್. ರಘುನಾಥ್ ಭಾರತ ತಂಡಕ್ಕೆ ಹಾಕಿದ ಪೆನಾಲ್ಟಿ ಕಾರ್ನರ್ ಗೋಲುಗಳನ್ನು ನೋಡಿ ಅದೇ ಥರ ಆಡಬೇಕು ಅನ್ನುವ ಹುಡುಗನಿಗೆ ಮರ ಸಾಕಾಗುವುದಿಲ್ಲ. ಆದರೆ ಕಲಿಯುವವರಿಗೆ ಕಡಿಮೆ ಬಾಗೇ ಒಳ್ಳೆಯದು. ಬಾಗು ಜಾಸ್ತಿ ಇದ್ದರೆ ನೇರ ಹಿಟ್ ಮಾಡಿದರೂ ಚೆಂಡು ಮೇಲಕ್ಕೆ ಏಳುತ್ತದೆ. ಪಕ್ಕದಲ್ಲಿ ಇನ್ನೂ ಹತ್ತು ಮಕ್ಕಳು ನಿಂತಿರುವ ಮೈದಾನದಲ್ಲಿ ಅದು ಅಪಾಯ.

ಇತಿಹಾಸ ಒಂಚೂರು ನೋಡೋಣ. 1973ರ ವಿಶ್ವಕಪ್ಪಿನಲ್ಲಿ ಕೊಡಗಿನ ಎಂ.ಪಿ. ಗಣೇಶ್ ನಾಯಕರಾಗಿದ್ದ ಭಾರತ ತಂಡ ಫೈನಲ್ ತಲುಪಿತು. 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ಭಾರತ ವಿಶ್ವಕಪ್ ಗೆದ್ದಾಗ ಬಿ.ಪಿ. ಗೋವಿಂದ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿಗೆ ಮೊದಲ ಸಲ ಕೃತಕ ಟರ್ಫ್ ಬಂತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಆದರೆ 1980ರ ಮಾಸ್ಕೋದಲ್ಲಿ ಅದೇ ಬಗೆಯ ಟರ್ಫ್ ಮೇಲೆ ಚಿನ್ನ ಬಂತು. ಆ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು, ಎಲ್ಲರ ಕೈಯಲ್ಲೂ ಇದ್ದದ್ದು ಮರವೇ. ಟರ್ಫ್ ಬಂದ ದಿನವೇ ಮರ ಮೂಲೆ ಸೇರಲಿಲ್ಲ. ಅದನ್ನು ಹಿಂದೆ ಹಾಕಿದ್ದು ಆಮೇಲೆ ಬಂದ ಕಾರ್ಬನ್, ಮತ್ತು ಪಂದ್ಯಕ್ಕೆ ಮೊದಲು ಟರ್ಫಿಗೆ ಹಾಯಿಸುವ ನೀರು.

ನಮ್ಮ ನೆಲ, ನಮ್ಮ ಮಳೆ

ನೀರಿನ ಮಾತು ಬಂತಲ್ಲ, ಮರದ ದೊಡ್ಡ ದೌರ್ಬಲ್ಯ ಅದೇ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮರ ಗಾಳಿಯ ತೇವವನ್ನೂ ಹೀರುತ್ತದೆ. ಹೀರಿದಾಗ ನಾರಿನ ಅಡ್ಡಕ್ಕೆ ಊದುತ್ತದೆ, ಉದ್ದಕ್ಕೆ ಅಷ್ಟಾಗಿ ಅಲ್ಲ. ಒಳಗಿನ ಮರ ಊದಿ, ಹೊರಗಿನ ಫೈಬರ್ ಊದದೆ ನಿಂತರೆ ಮಧ್ಯೆ ಅಂಟು ಬಿಡುತ್ತದೆ. ತಲೆ ಮೆತ್ತಗಾಗುತ್ತದೆ, ತಳದಲ್ಲಿ ನಾರು ಏಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಮರದ ಸ್ಟಿಕ್ ಇಟ್ಟುಕೊಂಡವರು ಈ ನಾಲ್ಕು ತಿಂಗಳು ಅದನ್ನು ನೋಡಿಕೊಳ್ಳಲೇಬೇಕು. ಒದ್ದೆ ಮೈದಾನದಲ್ಲಿ ದಿನವೂ ಆಡುವುದೇ ಆದರೆ ಕಾಂಪೋಸಿಟ್ ನೆಮ್ಮದಿ. ಅದಕ್ಕೆ ನೀರಿನ ಭಯ ಇಲ್ಲ.

ಆದರೆ ಗರಸಿನ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಟರ್ಫ್ ನುಣುಪು. ನಮ್ಮ ನೆಲ ಉಜ್ಜುಗಲ್ಲು. ಪ್ರತಿ ಹಿಟ್ಟಿಗೂ ಸ್ಟಿಕ್ಕಿನ ತಳ ಕಲ್ಲಿಗೆ ಉಜ್ಜುತ್ತದೆ. ಕಾಂಪೋಸಿಟ್ಟಿನ ಹೊರಗೋಡೆ ತೆಳು. ಅದು ಸವೆದು ನೂಲು ಬಿಚ್ಚಿಕೊಂಡರೆ ಸರಿ ಮಾಡುವ ದಾರಿ ಬಹಳ ಕಡಿಮೆ. ಕಾರ್ಬನ್ ನೂಲಿನ ಮೊನೆ ಸೂಜಿಯಂತೆ ಚುಚ್ಚುತ್ತದೆ, ಚರ್ಮದೊಳಗೆ ಮುರಿದು ಉಳಿದುಕೊಳ್ಳುತ್ತದೆ. ಚೂಪು ಅಂಚಿರುವ ಸ್ಟಿಕ್ಕಿನಲ್ಲಿ ಆಡಲು ಅಂಪೈರ್ ಬಿಡುವುದೂ ಇಲ್ಲ. ಒಳಗೆ ಬಿರುಕು ಬಿಟ್ಟದ್ದು ಹೊರಗೆ ಕಾಣದೆಯೂ ಇರಬಹುದು. ಅನುಮಾನ ಬಂದರೆ ಚೆಂಡಿನಿಂದ ಸ್ಟಿಕ್ಕಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಒಂದು ಕಡೆ ಸದ್ದು ಮಂಕಾದರೆ ಅಥವಾ ಗರಗರ ಅಂದರೆ ಒಳಗೆ ಒಡೆದಿದೆ.

ಮರ ಹಾಗಲ್ಲ, ಮುಂಚೆಯೇ ಹೇಳುತ್ತದೆ. ಮೊದಲು ತಳದಲ್ಲಿ ನಾರು ಏಳುತ್ತದೆ. ಆಗ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಟೇಪ್ ಸುತ್ತಿದರೆ ಮತ್ತೆ ಆಡಬಹುದು. ನಾರಿನ ಉದ್ದಕ್ಕೆ ಸೀಳಿದ್ದನ್ನು ನಿಮ್ಮೂರಿನ ಬಡಗಿ ಅಂಟು ತುಂಬಿ ಬಿಗಿದು ಕೊಡಬಲ್ಲ. ನಾರಿಗೆ ಅಡ್ಡವಾಗಿ ಬಿರುಕು ಬಂದರೆ ಮಾತ್ರ ಆ ಸ್ಟಿಕ್ಕಿನ ಆಯಸ್ಸು ಮುಗಿಯಿತು, ಮಮಕಾರ ಬೇಡ. ಗರಸು ನೆಲದಲ್ಲಿ ಯಾವ ಸ್ಟಿಕ್ ಆದರೂ ಸವೆಯುತ್ತದೆ. ಹಾಗಿರುವಾಗ ಸವೆದರೂ ಸರಿಮಾಡಬಹುದಾದದ್ದನ್ನು ಇಟ್ಟುಕೊಳ್ಳುವುದು ಜಾಣತನ.

ಕೊಡಗಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿ ಇವತ್ತು ನೂರಾರು ತಂಡಗಳಿಗೆ ಬೆಳೆದಿದೆ. ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ತಂಡದಲ್ಲಿ ಇಳಿಯುವ ಆಟ. ಬೇಸಿಗೆಯಲ್ಲಿ, ಬಯಲು ಮೈದಾನದಲ್ಲಿ ನಡೆಯುತ್ತದೆ. ಆಟ ಬೆಳೆಯಲು ಟರ್ಫ್ ಇರಲೇಬೇಕು ಅನ್ನುವವರು ಒಮ್ಮೆ ಹೋಗಿ ನೋಡಿ ಬರಬೇಕು.

ಮಳೆಗಾಲದಲ್ಲಿ ಮೈದಾನ ಕೆಸರಾದಾಗ ನಾವೇನು ಮಾಡುತ್ತೇವೆ? ಶಾಲೆಯ ಹಾಲ್ ಒಳಗೆ ಆಡಿಸುತ್ತೇವೆ. ಮರ ಇನ್ನೊಮ್ಮೆ ಮುಂದೆ ಬರುವುದು ಇಲ್ಲಿಯೇ. ಇಂಡೋರ್ ಹಾಕಿಯಲ್ಲಿ ಬೀಸಿ ಹಿಟ್ ಮಾಡುವಂತಿಲ್ಲ, ಬರೀ ಪುಶ್, ಅಂದರೆ ಚೆಂಡನ್ನು ಸ್ಟಿಕ್ಕಿನಿಂದ ತಳ್ಳುವುದು. ಬಲದ ಕೆಲಸವೇ ಇಲ್ಲ, ಎಲ್ಲವೂ ಸ್ಪರ್ಶ. ಕಾರ್ಬನ್ನಿನ ಲಾಭ ಇಲ್ಲಿ ಬಹುಪಾಲು ಸುಮ್ನೆ ಹೋಗುತ್ತದೆ. ಯುರೋಪಿನಲ್ಲೂ ಇಂಡೋರ್ ಆಡುವವರಲ್ಲಿ ಎಷ್ಟೋ ಜನ ಇಂದಿಗೂ ಮರವನ್ನೇ ಹಿಡಿಯುವುದು ಇದಕ್ಕೇ. ಒಂದು ಎಚ್ಚರಿಕೆ: ಸಿಮೆಂಟ್ ನೆಲ ಮರವನ್ನು ಬೇಗ ತಿನ್ನುತ್ತದೆ. ತಳಕ್ಕೆ ಎರಡು ಸುತ್ತು ಟೇಪ್ ಹಾಕಿ, ಹರಿದಾಗ ಬದಲಿಸಿ.

ಮರದ ಸ್ಟಿಕ್ಕನ್ನು ಮನೆಯಲ್ಲಿ ಎಲ್ಲಿಡಬೇಕು ಅನ್ನುವುದೂ ಮುಖ್ಯ. ಒದ್ದೆಯಾಗಿ ಬಂದರೆ ಬಟ್ಟೆಯಲ್ಲಿ ಒರೆಸಿ, ಗಾಳಿ ಆಡುವ ಜಾಗದಲ್ಲಿ ಮಲಗಿಸಿ ಅಥವಾ ಗ್ರಿಪ್ಪಿನ ತುದಿಗೆ ದಾರ ಕಟ್ಟಿ ತೂಗುಹಾಕಿ. ಬಚ್ಚಲೊಲೆಯ ಹತ್ತಿರ, ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಅಡಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೂ ಹಾಕಬೇಡಿ. ಬೇಗ ಒಣಗಿದ ಮರ ಸೀಳುತ್ತದೆ. ಬಣ್ಣ ಹೋಗಿ ಬರೀ ಮರ ಕಾಣುವ ಕಡೆ ಮಾತ್ರ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಒಂದು ರಾತ್ರಿ ಬಿಡಿ. ಫೈಬರ್ ಇರುವ ಕಡೆ ಎಣ್ಣೆ ಹಚ್ಚಿ ಏನೂ ಪ್ರಯೋಜನ ಇಲ್ಲ. ಟೇಪ್ ಸುತ್ತುವ ಜಾಗಕ್ಕೆ ಹಚ್ಚಿದರೆ ಟೇಪೇ ಅಂಟುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದುಡಿದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹರಡಿ ಒಣಹಾಕಿ.

ದುಡ್ಡು

ಮಕ್ಕಳಿಗೆ ಸಾಕಾಗುವ ಮರದ ಸ್ಟಿಕ್ ಅಂದಾಜು 600 ರೂಪಾಯಿಯಿಂದ ಶುರು, 2,000 ರೂಪಾಯಿ ಒಳಗೆ ಒಳ್ಳೆಯದೇ ಸಿಗುತ್ತದೆ. ಕಡಿಮೆ ಕಾರ್ಬನ್ನಿನ ಕಾಂಪೋಸಿಟ್ 2,000ದಿಂದ 5,000. ದೊಡ್ಡ ಆಟಗಾರರು ಹಿಡಿಯುವಂಥದ್ದು 10,000 ದಾಟುತ್ತದೆ, ಹೊರದೇಶದ ಬ್ರ್ಯಾಂಡಾದರೆ ಅದಕ್ಕೂ ಮೇಲೆ. ಮಗು ಬೆಳೆಯುತ್ತಾ ಹೋದಂತೆ ಉದ್ದ ಬದಲಿಸಲೇಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇವತ್ತು 33 ಇಂಚು ಹಿಡಿಯುವ ಮಗುವಿಗೆ ಎರಡು ವರ್ಷಕ್ಕೆ 35 ಬೇಕಾಗಬಹುದು. ಅಂಥ ಮಗುವಿಗೆ ದುಬಾರಿ ಸ್ಟಿಕ್ ಕೊಡಿಸುವ ಬದಲು ಮರದ ಸ್ಟಿಕ್, ಒಳ್ಳೆಯ ಶಿನ್ ಗಾರ್ಡ್, ಬಾಯಿಗೆ ಮೌತ್ ಗಾರ್ಡ್ ಮತ್ತು ಮನೆಯ ಹತ್ತಿರ ಆಡಿಕೊಳ್ಳಲು ಒಂದು ಚೆಂಡು ಕೊಡಿಸಿ. ಅದೇ ದುಡ್ಡಿಗೆ ಎಲ್ಲವೂ ಬರುತ್ತದೆ.

ಒಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ತೀರಾ ಅಗ್ಗದ ಕಾಂಪೋಸಿಟ್ ಬೇಡ. ಅದರಲ್ಲಿ ಕಾರ್ಬನ್ನಿನ ಬಲವೂ ಇಲ್ಲ, ಮರದ ಮೃದುತ್ವವೂ ಇಲ್ಲ. ಆ ಬೆಲೆಯಲ್ಲಿ ಒಳ್ಳೆಯ ಮರದ ಸ್ಟಿಕ್ ಯಾವಾಗಲೂ ಮೇಲು.

ಅಂಗಡಿಯಲ್ಲಿ ನಿಂತಾಗ

ಕಾಂಪೋಸಿಟ್ಟನ್ನು ಆನ್‌ಲೈನಿನಲ್ಲಿ ತರಿಸಬಹುದು. ಮರವನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು. ನಮ್ಮ ಪೇಟೆಯ ಆಟದ ಸಾಮಾನಿನ ಅಂಗಡಿಗಳಲ್ಲಿ ಕ್ರಿಕೆಟ್ ಬ್ಯಾಟುಗಳೇ ಜಾಸ್ತಿ, ಹಾಕಿ ಸ್ಟಿಕ್ ಒಂದು ಮೂಲೆಯಲ್ಲಿ ಇರುತ್ತವೆ. ಇರುವ ಎಲ್ಲವನ್ನೂ ತೆಗೆಸಿ ನೋಡಿ, ಸಂಕೋಚ ಬೇಡ. ಒಂದೇ ಬೆಲೆಯ ಎರಡು ಸ್ಟಿಕ್ಕುಗಳಲ್ಲಿ ಒಂದು ಚೆನ್ನಾಗಿರುತ್ತದೆ, ಇನ್ನೊಂದು ಸಾಧಾರಣ ಇರುತ್ತದೆ.

ಮೊದಲು ತಲೆಯ ಬಾಗಿನ ಹತ್ತಿರ ಮರದ ಗೆರೆಗಳನ್ನು ನೋಡಿ. ಗೆರೆಗಳು ಬಾಗಿನ ಜೊತೆಗೇ ತಿರುಗಿಕೊಂಡು ಹೋಗಿರಬೇಕು. ಬಾಗಿಗೆ ಅಡ್ಡ ಕತ್ತರಿಸಿದಂತೆ ಗೆರೆ ಹೊರಗೆ ಹೋಗಿದ್ದರೆ ಅಲ್ಲೇ ಸೀಳುತ್ತದೆ. ಗೆರೆಗಳು ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಗಂಟು ಇದ್ದರೆ ಬಿಡಿ. ಬಣ್ಣ, ಸ್ಟಿಕ್ಕರ್ ಮೈತುಂಬ ಇದ್ದು ಮರವೇ ಕಾಣದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಆಮೇಲೆ ಹಿಡಿಕೆಯ ತುದಿಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ಬಿಲ್ಲಿನ ಬಾಗು ಇರಲಿ, ಪಕ್ಕಕ್ಕೆ ತಿರುಚಿಕೊಂಡಿರಬಾರದು. ಹಿಡಿಕೆ ಮತ್ತು ಮರ ಸೇರುವ ಕಡೆ ಉಗುರು ಆಡಿಸಿ, ಸಂದು ಸಿಗಬಾರದು. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದು ಟಣ್ ಅಂತ ತುಂಬಿ ಬರಬೇಕು.

ಉದ್ದಕ್ಕೆ ಸುಲಭದ ಅಳತೆ ಇದು: ಮಗುವಿನ ಪಕ್ಕದಲ್ಲಿ ಸ್ಟಿಕ್ ನಿಲ್ಲಿಸಿದರೆ ಅದರ ತುದಿ ಸೊಂಟದ ಮೂಳೆಯ ಮೇಲ್ಭಾಗಕ್ಕೆ ಬರಬೇಕು. ನಾಲ್ಕೂವರೆ ಅಡಿ ಎತ್ತರದ ಮಗುವಿಗೆ 32, 33 ಇಂಚು ಸಾಕು. ದೊಡ್ಡವರಿಗೆ ಸಾಮಾನ್ಯವಾಗಿ 36.5. ಮುಂದೆ ಬೆಳೆಯುತ್ತಾನೆ ಅಂತ ದೊಡ್ಡದು ಕೊಡಿಸಬೇಡಿ. ಯೂನಿಫಾರ್ಮಿಗೆ ಆ ಲೆಕ್ಕ ಸರಿ, ಸ್ಟಿಕ್ಕಿಗೆ ಅಲ್ಲ. ಸ್ಟಿಕ್ ಉದ್ದವಾದರೆ ಮಗು ನೆಟ್ಟಗೆ ನಿಂತು ಆಡುವುದನ್ನು ಕಲಿಯುತ್ತದೆ, ಆಮೇಲೆ ಬಾಗಿಸುವುದು ಕಷ್ಟ.

ತೂಕದಲ್ಲಿ ಮರದ ಸ್ಟಿಕ್ ಸ್ವಲ್ಪ ಭಾರ, ಅದರಲ್ಲೂ ತಲೆ ಭಾರ. ಒಂದೇ ಕೈಯಲ್ಲಿ, ಎಡಗೈಯಲ್ಲಿ, ಹಿಡಿದು ಮುಂದಕ್ಕೆ ಚಾಚಲು ಮಗುವಿಗೆ ಆಗಬೇಕು. ಕೈ ನಡುಗಿದರೆ ಬೇರೆಯದು ನೋಡಿ. ಮಗು ಎಡಗೈಯದು, ಎಡಗೈ ಸ್ಟಿಕ್ ಕೊಡಿ ಅಂತ ಕೇಳುವವರಿದ್ದಾರೆ. ಅಂಥದ್ದು ಇಲ್ಲ. ನಿಯಮದ ಪ್ರಕಾರ ಸ್ಟಿಕ್ಕಿನ ಎಡಬದಿ ಮಾತ್ರ ಚಪ್ಪಟೆ, ಎಲ್ಲರೂ ಅದರಲ್ಲೇ ಆಡಬೇಕು. ಎಡಗೈ ಮಕ್ಕಳಿಗೆ ಇದರಿಂದ ನಷ್ಟ ಇಲ್ಲ. ಹಾಕಿಯಲ್ಲಿ ಸ್ಟಿಕ್ ತಿರುಗಿಸುವ ಕೈ ಎಡಗೈಯೇ ಅಲ್ವಾ?

ಹಾಗಾದರೆ ಯಾರಿಗೆ ಯಾವುದು

ಹದಿಮೂರರೊಳಗಿನ ಮಗು, ಶಾಲೆಯ ಮಣ್ಣಿನ ಮೈದಾನ, ವಾರಕ್ಕೆ ಮೂರ್ನಾಲ್ಕು ದಿನದ ಅಭ್ಯಾಸ: ಮರ. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ತಾಲ್ಲೂಕು, ಜಿಲ್ಲಾ ಮಟ್ಟಕ್ಕೆ ಬಂದ ಹದಿನಾಲ್ಕು, ಹದಿನೈದರ ಮಕ್ಕಳಿಗೆ ಎರಡೂ ಇರಲಿ. ದಿನದ ಅಭ್ಯಾಸಕ್ಕೆ ಹಳೆಯ ಮರದ್ದೇ ಸಾಕು. ಟರ್ಫ್ ಪಂದ್ಯಕ್ಕೆ 30ರಿಂದ 50 ಪರ್ಸೆಂಟ್ ಕಾರ್ಬನ್ನಿನ, ಬಾಗು ಮಧ್ಯದಲ್ಲಿರುವ ಒಂದು ಕಾಂಪೋಸಿಟ್ ತೆಗೆದಿಡಿ. ಅದನ್ನು ಗರಸಿನ ಮೈದಾನಕ್ಕೆ ತರಲೇಬೇಡಿ. ಎರಡು ಕೊಳ್ಳುವಷ್ಟು ದುಡ್ಡಿಲ್ಲದಿದ್ದರೆ ಬೇಸರ ಬೇಡ. ಒಂದೇ ಶಾಲೆಯ ಮಕ್ಕಳು ಸೇರಿ ಟರ್ಫ್ ಪಂದ್ಯಗಳಿಗೆ ಅಂತ ನಾಲ್ಕೈದು ಕಾಂಪೋಸಿಟ್ ಹಂಚಿಕೊಂಡು ಬಳಸಬಹುದು. ಪಿ.ಟಿ. ಮೇಷ್ಟ್ರ ಹತ್ತಿರ ಮಾತಾಡಿ ನೋಡಿ, ಒಳ್ಳೆಯ ಮೇಷ್ಟ್ರು ಖಂಡಿತ ಒಪ್ಪುತ್ತಾರೆ.

ಬೆಂಗಳೂರಿಗೋ ಪೊನ್ನಂಪೇಟೆಗೋ ಕ್ರೀಡಾ ಹಾಸ್ಟೆಲಿಗೆ ಸೇರಿದವರಿಗೆ ಕಾಂಪೋಸಿಟ್ಟೇ. ಅಲ್ಲಿ ಎಲ್ಲರೂ ಆ ವೇಗದಲ್ಲಿ ಆಡುವಾಗ ಮರ ಹಿಡಿದು ಹಟ ಮಾಡಿದರೆ ಮಗುವಿಗೇ ಅನ್ಯಾಯ. ಫಾರ್ವರ್ಡ್ ಆಡುವವರು ಮಧ್ಯಮ ಬಿಗಿ ನೋಡಲಿ, ಕಾರ್ನರ್ ಹೊಡೆಯುವವರು ಆದಷ್ಟು ಕೆಳಗಿರುವ ಬಾಗು ನೋಡಲಿ.

ನಲವತ್ತು ದಾಟಿದ ಮೇಲೆ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬರುವ ನಮ್ಮಂಥವರಿಗೆ ಮರ ಹೇಳಿ ಮಾಡಿಸಿದ್ದು. ಮೊಣಕೈ, ಮಣಿಕಟ್ಟು ನೋವಿರುವವರು ಬೆತ್ತದ ಹಿಡಿಕೆಯದ್ದೇ ಹುಡುಕಿ ಕೊಳ್ಳಿ.

ಗೋಲ್‌ಕೀಪರ್‌ಗೆ ಯಾವುದಾದರೂ ಆದೀತು, ಹಗುರ ಇದ್ದರೆ ಸಾಕು.

ಮರದಿಂದ ಕಾಂಪೋಸಿಟ್ಟಿಗೆ ಹೋಗುವ ಮಕ್ಕಳಿಗೆ ಕೊನೆಯದಾಗಿ ಒಂದು ಕ್ರಮ ಹೇಳುತ್ತೇನೆ. ಹೊಸ ಸ್ಟಿಕ್ ಬಂದ ಮೊದಲ ವಾರ ಹಿಟ್ ಬೇಡ, ಎಷ್ಟೇ ಆಸೆಯಾದರೂ ಬೇಡ. ಬರೀ ನಿಲ್ಲಿಸುವುದು ಮತ್ತು ಪುಶ್. ಚೆಂಡು ಪುಟಿಯುತ್ತದೆ, ಹಾಗಾಗಿ ಗ್ರಿಪ್ಪಿನ ಕೆಳಗಿರುವ ಬಲಗೈಯನ್ನು ಇನ್ನಷ್ಟು ಸಡಿಲ ಹಿಡಿಯಲಿ, ಚೆಂಡು ತಾಗುವ ಹೊತ್ತಿಗೆ ಸ್ಟಿಕ್ಕನ್ನು ಒಂದು ಗೇಣು ಹಿಂದಕ್ಕೆ ತರಲಿ. ಎರಡನೇ ವಾರ ಡ್ರಿಬ್ಲಿಂಗ್. ಹಿಟ್ ಮೂರನೇ ವಾರಕ್ಕೆ, ಅದೂ ಅರ್ಧ ಬೀಸಿನಿಂದ ಶುರು. ಪಂದ್ಯದ ಹಿಂದಿನ ದಿನ ಹೊಸ ಸ್ಟಿಕ್ ಕೈಗೆ ಕೊಡಬೇಡಿ.